ಒಂದು ಸೇರು ಪಾಕದ ತೂಕ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ತುಮಕೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಈ ವಾಕ್ಯವನ್ನು ನಾನು ಎಷ್ಟು ವರ್ಷ ಬಾಯಿಪಾಠ ಮಾಡಿಸಿದೆನೋ ನನಗೇ ನೆನಪಿಲ್ಲ. ಒಂದು ಲೀಟರ್ ಬೆಲ್ಲದ ಪಾಕದ ತೂಕ ಎಷ್ಟು ಎಂದು ಒಬ್ಬ ಹುಡುಗಿಯೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ವಿಜ್ಞಾನದ ಮೇಡಂ ಎಂದು ಬೀಗಿಕೊಂಡು ಕುಣಿಗಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಅದನ್ನು ಕಲಿತದ್ದು ನಮ್ಮ ಅತ್ತೆಯ ಅಡಿಗೆಮನೆಯಲ್ಲಿ, ಅವರಿಗೆ ಒಂದು ಅನ್ಯಾಯ ಮಾಡಿದ ಮೇಲೆ.

ನನ್ನ ತವರು ಗುಬ್ಬಿ, ಕೊಟ್ಟ ಮನೆ ಕುಣಿಗಲ್. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಇದ್ದದ್ದು ಮೂರೇ ಜನ: ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ಅವರ ತಾಯಿ, ನಾನು. ಅಂಗಡಿಗಳಿಗೆ ಕಿಲೋ, ಲೀಟರ್ ಬಂದು ವರ್ಷಗಳೇ ಆಗಿದ್ದರೂ ಅವು ಅತ್ತೆಯ ಅಡಿಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅಲ್ಲಿ ಅಕ್ಕಿಗೆ ಮರದ ಬಳ್ಳ, ಉಳಿದದ್ದಕ್ಕೆಲ್ಲ ಹಿತ್ತಾಳೆಯ ಸೇರು. ಎರಡು ಸೇರು ಹುಯ್ದರೆ ಒಂದು ಬಳ್ಳ ತುಂಬುತ್ತಿತ್ತು. ಆ ಸೇರಿನ ಕಂಠ ಒಂದು ಕಡೆ ನೆಗ್ಗಿತ್ತು, ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ತಳ ಕಪ್ಪಗೇ ಉಳಿಯುತ್ತಿತ್ತು.

ಅತ್ತೆಯ ಕಜ್ಜಾಯ ಎಂದರೆ ನಮ್ಮ ಬೀದಿಗೆಲ್ಲ ಹೆಸರು. ದೀಪಾವಳಿಗೆ ಎಂಟು ದಿನ ಇದೆ ಎನ್ನುವಾಗಲೇ ಕೆಲಸ ಶುರುವಾಗುತ್ತಿತ್ತು. ಅಕ್ಕಿ ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರವಿ, ಇನ್ನೂ ತೇವ ಇರುವಾಗಲೇ ಕುಟ್ಟಿ ಜರಡಿ ಹಿಡಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಬೆಲ್ಲದ್ದು ಮಾತ್ರ ಅತ್ತೆಯದೇ ಪದ್ಧತಿ. ಬೇರೆಯವರು ಬೆಲ್ಲದ ಅಚ್ಚು ಎಣಿಸಿ ಹಾಕಿದರೆ ಇವರು ಮೂಗು ಮುರಿಯುತ್ತಿದ್ದರು. "ಒಂದ್ ಅಚ್ಚಿನಂಗೆ ಇನ್ನೊಂದ್ ಇರಲ್ಲ ಕಣಮ್ಮ. ಅದ್ರಾಗೆ ಕಲ್ಲೆಷ್ಟೋ ಕಸ ಎಷ್ಟೋ, ಯಾವನು ಕಂಡವ್ನೆ?" ಎನ್ನುವರು. ಬೆಲ್ಲವನ್ನು ಕುಟ್ಟಿ, ನೆನೆಯುವಷ್ಟು ಮಾತ್ರ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿ ಆರಿದ ಮೇಲೆ ಆ ಪಾಕವನ್ನು ಸೇರಿನಲ್ಲಿ ಅಳೆಯುತ್ತಿದ್ದರು. ಬಳ್ಳ ಅಕ್ಕಿಗೆ ಒಂದು ಸೇರು ಪಾಕ. ಅಳೆದದ್ದನ್ನು ಮತ್ತೆ ಒಲೆಗೇರಿಸಿ, ನೀರಿಗೆ ಬಿಟ್ಟ ಹನಿ ಬೆರಳ ನಡುವೆ ಮೆತ್ತನೆ ಉಂಡೆಯಾಗುವ ಹದ ನೋಡಿ ಇಳಿಸಿ, ಹಿಟ್ಟು ಕಲೆಸುತ್ತಿದ್ದರು.

ಅಳೆಯುವಾಗ ಅವರು ಸೇರನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಕಂಠದ ಒಳಗೆ ಇಳಿಬಿಟ್ಟು, ಪಾಕ ಬೆರಳಿಗೆ ತಾಗಿದ ತಕ್ಷಣ ಹುಯ್ಯುವುದನ್ನು ನಿಲ್ಲಿಸುತ್ತಿದ್ದರು. ತಿನ್ನುವ ಪದಾರ್ಥಕ್ಕೆ ಬೆರಳು ಅದ್ದುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೇಸಿಗೆ. ಮಕ್ಕಳಿಗೆ ಶುಚಿತ್ವದ ಪಾಠ ಮಾಡುವವಳು ನಾನು. ಆದರೆ ಅತ್ತೆಗೆ ಪಾಠ ಹೇಳುವಷ್ಟು ಗಂಡೆದೆ ನನಗಿರಲಿಲ್ಲ, ಸುಮ್ಮನಿದ್ದೆ.

ಆ ವರ್ಷ ಮಳೆಗಾಲದ ಕೊನೆಗೆ ಅತ್ತೆ ನಿಟ್ಟೂರಿನಲ್ಲಿದ್ದ ಮಗಳ ಮನೆಗೆ ಹದಿನೈದು ದಿನ ಹೋದರು. ಆ ಹೊತ್ತಿಗೇ ಸರಿಯಾಗಿ ಸ್ಟೀಲ್ ಪಾತ್ರೆಯವಳು ಬೀದಿಗೆ ಬಂದಳು. ಹಳೇ ಹಿತ್ತಾಳೆ, ಹಳೇ ಜರಿ ಸೀರೆ ಕೊಟ್ಟರೆ ಹೊಸ ಸ್ಟೀಲು. ಅವಳ ಮಂಕರಿಯಲ್ಲಿ ಮೂರು ಅಂತಸ್ತಿನ ಒಂದು ಕ್ಯಾರಿಯರ್ ಇತ್ತು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ನಮ್ಮ ಸ್ಟಾಫ್ ರೂಮಿನಲ್ಲಿ ಉಳಿದ ಮೇಡಂಗಳೆಲ್ಲ ಸ್ಟೀಲ್ ಕ್ಯಾರಿಯರ್ ಬಿಚ್ಚುವಾಗ ನಾನು ದಾರ ಕಟ್ಟಿದ ಅಲ್ಯೂಮಿನಿಯಂ ಡಬ್ಬಿ ಬಿಚ್ಚುತ್ತಿದ್ದೆ. ಆಸೆ ಕೆಟ್ಟದ್ದು. ಎರಡು ಹಳೆಯ ತಂಬಿಗೆ, ತೂತು ಬಿದ್ದ ಒಂದು ತಪ್ಪಲೆ ತಂದಿಟ್ಟೆ. ಅವಳು ತೂಗಿ ನೋಡಿ, "ಇನ್ನೊಂಚೂರು ಹಾಕವ್ವ, ನಂಗೂ ಗಿಟ್ಟಬೇಕಲ್ಲ" ಎಂದಳು. ಕಣ್ಣಿಗೆ ಬಿದ್ದದ್ದು ಆ ನೆಗ್ಗಿದ ಸೇರು. ಎರಡನೇ ಯೋಚನೆಯನ್ನೇ ಮಾಡದೆ ಅವಳ ಮುಂದೆ ಇಟ್ಟೆ.

ಅವಳು ಬೀದಿಯ ತಿರುವು ದಾಟಿದ ಮೇಲೆ, ಅತ್ತೆ ಬಂದು ಸೇರು ಕೇಳಿದರೆ ಏನು ಹೇಳುವುದು ಎಂಬುದು ಹೊಳೆಯಿತು. ಭಾನುವಾರ ಗುಬ್ಬಿಗೆ ಓಡಿದೆ. ಅಮ್ಮನ ಅಟ್ಟದಲ್ಲಿ ಒಂದು ಹಿತ್ತಾಳೆ ಸೇರು ಇತ್ತು, ನೋಡಲು ಹೆಚ್ಚುಕಮ್ಮಿ ಅಂಥದ್ದೇ.

"ನಿಮ್ಮತ್ತೆ ಸೇರೂ ನಮ್ಮ ಸೇರೂ ಒಂದೇನಾ, ನೋಡಿದ್ಯೇನೇ?" ಎಂದು ಅಮ್ಮ ಕೇಳಿದಳು.

"ಸೇರು ಅಂದ್ರೆ ಸೇರು ಕಣಮ್ಮ. ಊರೂರಿಗೆ ಒಂದೊಂದು ಇರುತ್ತಾ?" ಎಂದೆ. ಇರುತ್ತಿತ್ತು. ಊರಿಗೊಂದು, ಕೆಲವು ಸಲ ಮನೆಗೊಂದು. ಆ ಗೊಂದಲ ತಪ್ಪಿಸಲೆಂದೇ ಕಿಲೋ, ಲೀಟರ್ ಬಂದದ್ದು ಎಂದು ಒಂಬತ್ತನೇ ಕ್ಲಾಸಿಗೆ ಅದೇ ತಿಂಗಳು ಪಾಠ ಮಾಡಿದ್ದೆ. ಪಾಠ ಮಾಡುವವಳಿಗೆ ಪಾಠ ತಲೆಗೆ ಹತ್ತಬೇಕೆಂದೇನೂ ಇಲ್ಲವಲ್ಲ. ಗುಬ್ಬಿಯ ಸೇರಿಗೆ ಕಲ್ಲಿನಿಂದ ಒಂದು ಪೆಟ್ಟು ಕೊಟ್ಟು ಕಂಠ ನೆಗ್ಗಿಸಿ, ತಳಕ್ಕೆ ಒಲೆಯ ಮಸಿ ಸವರಿ, ಅಡಿಗೆಮನೆಯ ಗೂಡಿನಲ್ಲಿ ಹಳೆಯದರ ಜಾಗದಲ್ಲೇ ಇಟ್ಟೆ. ಈಗ ನೆನೆದರೆ ನನಗೇ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ದೀಪಾವಳಿ ಬಂತು. ನಾದಿನಿ, ಅವಳ ಗಂಡ ಬಂದಿದ್ದರು. ಅತ್ತೆ ಮೊದಲನೇ ಕಜ್ಜಾಯ ತಟ್ಟಿ ಎಣ್ಣೆಗೆ ಬಿಟ್ಟರು. ಅದು ಉಬ್ಬಲಿಲ್ಲ. ಅಂಚಿನಿಂದ ಕರಗುತ್ತಾ ಬಂದು, ಬಾಣಲೆಯ ತುಂಬ ಪುಡಿಪುಡಿಯಾಗಿ ಹರಡಿಕೊಂಡಿತು. ಎರಡನೆಯದೂ ಹಾಗೇ. ಗಟ್ಟಿ ಮಾಡಲು ಅಕ್ಕಿಹಿಟ್ಟು ಉದುರಿಸಿ ಕಲೆಸಿದರು. ಮೂರನೆಯದು ಅರ್ಧ ನಿಂತು ಅರ್ಧ ಹೋಯಿತು. ಪಾಕ ಹೆಚ್ಚಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ ಎಂದು ಅಡಿಗೆ ಬಲ್ಲವರಿಗೆಲ್ಲ ಗೊತ್ತು. ಅತ್ತೆಗೂ ಗೊತ್ತು. ಅವರು ಬಾಣಲೆ ಇಳಿಸಿ, ಸೇರನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬಾಯಿಯ ಸುತ್ತ ಬೆರಳಾಡಿಸುತ್ತಾ ಕೂತರು.

ಯಜಮಾನರು ಕೆಟ್ಟವರಲ್ಲ. ತಾಯಿಯ ಮೇಲೆ ಪ್ರಾಣ. ಅದಕ್ಕೇ ಅವರು ಆಡಿದ ಮಾತು ಇನ್ನೂ ಹೆಚ್ಚು ನಾಟಿತು. "ಸಾಕು ಬಿಡಮ್ಮ. ಹೋದ ತಿಂಗಳು ಕೈ ಸುಟ್ಕೊಂಡೆ, ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ವಯಸ್ಸಾಯ್ತು. ಇನ್ಮೇಲೆ ಒಲೆ ಮುಂದೆ ಕೂರಬೇಡ. ನಿನ್ನ ಸೊಸೆ ಇದಾಳಲ್ಲ."

ಅತ್ತೆ ಆಗಲಿ ಎನ್ನುವಂತೆ ತಲೆಯಾಡಿಸಿದರು. ಮದುವೆಯಾಗಿ ಬಂದ ವರ್ಷದಿಂದ ಅವರು ಕೂತಿದ್ದ ಜಾಗ ಅದು. ಗಂಡ ಹೋದಾಗಲೂ ಹನ್ನೊಂದು ದಿನ ಬಿಟ್ಟರೆ ಆ ಮಣೆ ಖಾಲಿ ಇರಲಿಲ್ಲವಂತೆ. ಅದು ನನ್ನ ಒಂದು ಕ್ಯಾರಿಯರ್‌ಗಾಗಿ ಹೋಗುತ್ತಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ. ನಾನು ನಾದಿನಿಯ ಮುಖವನ್ನೂ ನೋಡಲಾರದೆ ಹಿತ್ತಲಿಗೆ ಹೋಗಿ ನಿಂತೆ.

ತಪ್ಪೊಪ್ಪಿಕೊಳ್ಳದೆ ತಪ್ಪು ಸರಿಪಡಿಸುವ ದಾರಿ ಹುಡುಕುವುದು ಓದಿದವರ ಬುದ್ಧಿ. ನಾನೂ ಹುಡುಕಿದೆ. ಸೇರನ್ನೇ ಮನೆಯಿಂದ ಓಡಿಸಿಬಿಟ್ಟರೆ? ಅಳತೆಯೇ ಬೇಡ, ಎಲ್ಲ ತೂಕ ಎಂದುಬಿಟ್ಟರೆ? ಹಳೆಯ ಸೇರು ಇಲ್ಲದಿದ್ದರೂ ಬಳ್ಳ ಇತ್ತಲ್ಲ, ಅದರಲ್ಲಿ ಅರ್ಧವೇ ಹಳೆಯ ಸೇರು. ಬಳ್ಳಕ್ಕೆ ನೀರು ತುಂಬಿ, ಸರಿಯಾಗಿ ಎರಡು ಪಾಲು ಮಾಡಿ ಒಂದನ್ನು ನೋಡಿದೆ. ಹೆಚ್ಚುಕಮ್ಮಿ ಒಂದು ಲೀಟರ್. ಗುಬ್ಬಿಯ ಸೇರು ಅದಕ್ಕಿಂತ ಪಾವಿನಷ್ಟು ಹೆಚ್ಚು ಹಿಡಿಯುತ್ತಿತ್ತು. ಅತ್ತೆಯ ಪಾಕ ಕಾಲು ಭಾಗ ಜಾಸ್ತಿಯಾದದ್ದು ಅಲ್ಲಿ. ಒಂದು ಲೀಟರ್ ಎಂದರೆ ಒಂದು ಕಿಲೋ ಎಂದುಕೊಂಡು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಒಂದು ಸೇರು ಪಾಕ = ಒಂದು ಕಿಲೋ'. ಅಡಿಗೆಮನೆಯ ಗೋಡೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿದೆ. ಗುಬ್ಬಿಯ ಸಂತೆಗೆ ಹೋಗಿ ಒಂದು ಕೈತಕ್ಕಡಿ, ತೂಕದ ಕಲ್ಲು ಕೊಂಡೆ. "ಏನೇ, ಮೇಷ್ಟ್ರಗಿರಿ ಬಿಟ್ಟು ಅಂಗಡಿ ಇಡ್ತೀಯಾ?" ಎಂದು ಅಮ್ಮ ನಕ್ಕಳು.

ತುಳಸಿ ಹಬ್ಬಕ್ಕೆ ಇನ್ನೊಂದು ಸಲ ಮಾಡಿ ನೋಡೋಣ ಎಂದು ಯಜಮಾನರನ್ನು ಕಾಡಿ ಒಪ್ಪಿಸಿದೆ. ಪಾಕವನ್ನು ಒಂದು ಕಿಲೋಗೆ ಸರಿಯಾಗಿ ನಾನೇ ತೂಗಿದೆ, ಹದ ನೋಡಿ ಹಿಟ್ಟು ಕಲೆಸಿದ್ದು ಅತ್ತೆ. ಈ ಸಲ ಕಜ್ಜಾಯ ಒಡೆಯಲಿಲ್ಲ. ಹಲ್ಲು ಒಡೆಯುವ ಹಾಗಿತ್ತು. ಯಜಮಾನರು ಒಂದನ್ನು ಕಚ್ಚಿ, ಬಾಯಿಂದ ತೆಗೆದು ತಟ್ಟೆಯಲ್ಲಿಟ್ಟು ಎದ್ದರು. ಮರುದಿನ ಒಂದು ಬೆತ್ತದ ಕುರ್ಚಿ ತಂದು ಜಗುಲಿಯ ಮೇಲೆ ಹಾಕಿ, "ಅಮ್ಮ, ಇದು ನಿಂಗೆ" ಎಂದರು. ಅತ್ತೆ ಹೋಗಿ ಕೂತರು.

ಆ ಕುರ್ಚಿಯಲ್ಲಿ ಅವರು ಕೂರುತ್ತಿದ್ದ ರೀತಿ ನೋಡಲಾಗುತ್ತಿರಲಿಲ್ಲ. ನೆಂಟರ ಮನೆಗೆ ಬಂದವರ ಹಾಗೆ ತುದಿಯಲ್ಲಿ ಕೂರುವರು. ಊಟಕ್ಕೆ ಕರೆದರೆ ಬರುವರು, ಬಡಿಸಿದಷ್ಟು ತಿನ್ನುವರು, ಎದ್ದು ಹೋಗುವರು. ಸಾರು ಹೇಗಿದೆ ಎಂದು ಕೇಳಿದರೆ "ಚೆನ್ನಾಗೈತೆ ಬುಡವ್ವ" ಎನ್ನುವರು. ಮೊದಲಾಗಿದ್ದರೆ ಹುಳಿ ಮುಂದು, ಖಾರ ಹಿಂದು ಎಂದು ಅರ್ಧ ಗಂಟೆ ನನ್ನ ಮರ್ಯಾದೆ ತೆಗೆಯುತ್ತಿದ್ದರು. ಅವರ ಬೈಗುಳಕ್ಕಾಗಿ ನಾನು ಹಂಬಲಿಸುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಿದ್ದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೀಗಿರುವಾಗ ಕ್ಲಾಸಿನಲ್ಲಿ ಸಾಂದ್ರತೆಯ ಪಾಠ ಬಂತು. ಒಂದೇ ಅಳತೆಯ ಎರಡು ಲೋಟಗಳಲ್ಲಿ ನೀರು, ಸೀಮೆಎಣ್ಣೆ ತುಂಬಿ, ಎಣ್ಣೆ ಹಗುರ, ನೀರು ಭಾರ ಎಂದು ತೋರಿಸುತ್ತಿದ್ದೆ. ನೀರಿಗಿಂತ ಭಾರವಾದದ್ದು ಯಾವುದು ಹೇಳಿ ಎಂದೆ. ಹುಡುಗಿಯರು ಪಾದರಸ ಎಂದರು, ಪುಸ್ತಕದಲ್ಲಿ ಇದ್ದದ್ದು ಅದು. ನನಗೆ ಮಾತ್ರ ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತಿತು. ಎಷ್ಟೋ ಅಚ್ಚು ಬೆಲ್ಲವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪಾಕ, ನೀರಿನಷ್ಟೇ ತೂಗುವುದಾದರೂ ಹೇಗೆ? ನೀರಿನ ಲೆಕ್ಕವನ್ನು ಪಾಕಕ್ಕೆ ಹಚ್ಚಿ, ಸೇರು ಪಾಕ ಬೇಕಾದ ಕಡೆ ಮುಕ್ಕಾಲು ಸೇರು ಚಿಲ್ಲರೆ ಹಾಕಿಸಿದ್ದೆ. ಅತ್ತೆಯ ಹೆಸರು ಕೆಡಿಸಲು ಒಂದು ತಪ್ಪು ಸಾಲದೆಂದು ಎರಡನೆಯದನ್ನೂ ಮಾಡಿದ್ದೆ.

ಮನೆಗೆ ಬಂದವಳೇ ಬೆಲ್ಲ ಕರಗಿಸಿ ಸೋಸಿ, ಅರ್ಧ ಬಳ್ಳದಷ್ಟು ಪಾಕ ಅಳೆದು, ಪಾತ್ರೆಯ ತೂಕ ಕಳೆದು ತೂಗಿದೆ. ತಕ್ಕಡಿ ಒಂದು ಕಿಲೋಗೆ ಕದಲಲೇ ಇಲ್ಲ. ಒಂದೂಕಾಲು ಕಿಲೋ ದಾಟಿ, ಇನ್ನೂ ಒಂದು ಐವತ್ತು ಗ್ರಾಂ ಹಾಕಿದ ಮೇಲೆ ಸಮನಾಯಿತು. ಮೂರು ಸಲ ತೂಗಿದೆ, ಮೂರು ಸಲವೂ ಅಷ್ಟೇ. ಗೋಡೆಯ ಕಾಗದವನ್ನು ಕಿತ್ತೆ.

ಮುಂದಿನ ಭಾನುವಾರ ಯಜಮಾನರು ಏನೋ ಕೆಲಸಕ್ಕೆ ತುಮಕೂರಿಗೆ ಹೋದರು. ನಾನು ಜಗುಲಿಗೆ ಹೋಗಿ ಅತ್ತೆಯ ಕೈ ಹಿಡಿದೆ. "ಬನ್ನಿ ಅತ್ತೆ, ಇನ್ನೊಂದು ಸಲ ಮಾಡೋಣ."

"ಬುಡವ್ವ, ಅವನು ಬೈತಾನೆ. ನನ್ ಕಾಲ ಆಯ್ತು."

"ಈ ಸಲ ತೂಕ ಸರಿಯಾಗಿದೆ. ನೀವೇ ತೂಗಿ."

ಎಳೆದುಕೊಂಡೇ ಬಂದು ಮಣೆಯ ಮೇಲೆ ಕೂರಿಸಿದೆ. ತಕ್ಕಡಿಯನ್ನು ಗೂಟಕ್ಕೆ ನೇತುಹಾಕಿ, ಒಂದು ತಟ್ಟೆಯಲ್ಲಿ ಕಲ್ಲುಗಳನ್ನಿಟ್ಟೆ, ಇನ್ನೊಂದರಲ್ಲಿ ಖಾಲಿ ಪಾತ್ರೆ. ಅತ್ತೆಯ ಕೈಗೆ ಪಾಕದ ಚೊಂಬು ಕೊಟ್ಟೆ. ಅವರು ಹುಯ್ಯತೊಡಗಿದರು. ತಕ್ಕಡಿಯ ನಡುವೆ ಮುಳ್ಳು ಇರುತ್ತದೆ, ತೂಗುವವರೆಲ್ಲ ನೋಡುವುದು ಅದನ್ನು. ಅತ್ತೆ ಅದನ್ನು ನೋಡಲಿಲ್ಲ. ಮುಖವನ್ನು ಬಾಗಿಲ ಬೆಳಕಿನ ಕಡೆ ತಿರುಗಿಸಿ, ಎಡಗೈಯ ಬೆರಳುಗಳನ್ನು ತಟ್ಟೆಯ ಅಡಿಗೆ ಇಟ್ಟುಕೊಂಡು, ಅದು ಇಳಿದು ಬೆರಳಿಗೆ ತಾಗುವುದನ್ನು ಕಾಯುತ್ತಾ ಹುಯ್ಯುತ್ತಿದ್ದರು.

ಸೇರಿನೊಳಗೆ ಹೆಬ್ಬೆರಳು ಇಡುತ್ತಿದ್ದದ್ದು, ಕೈ ಸುಟ್ಟುಕೊಂಡದ್ದು, ಎರಡು ಸಲ ಉಪ್ಪು, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು.

"ಅತ್ತೆ, ನಿಮಗೆ ಕಣ್ಣು ಕಾಣಿಸ್ತಾ ಇದೆಯಾ?"

ಅವರು ಚೊಂಬು ಕೆಳಗಿಟ್ಟರು. "ಬೆಳಕು ಕಾಣ್ತದೆ. ನೀನು ನಿಂತಿರೋದು ಕಾಣ್ತದೆ. ಮುಳ್ಳುಗಿಳ್ಳು ಕಾಣಾಕಿಲ್ಲ. ಮೂರು ವರ್ಷ ಆಯ್ತು. ನಿನ್ ಗಂಡಂಗೆ ಹೇಳಬ್ಯಾಡ, ಮೂಲೇಗೆ ಕೂರಿಸ್ತಾನೆ." ಆಮೇಲೆ ಅವರಿಗೇ ನಗು ಬಂತು. "ಈಗ ಕೂರಿಸೇ ಅವ್ನೆ, ಅಲ್ವಾ?"

ಕಣ್ಣಿನ ವಿಷಯ ಬಹಳ ದಿನ ಮುಚ್ಚಿಡಲಿಲ್ಲ. ಅವರನ್ನು ಒಪ್ಪಿಸಿ, ಮರುವರ್ಷ ತುಮಕೂರಿನಲ್ಲಿ ಪೊರೆ ತೆಗೆಸಿದೆವು. ಆದರೆ ಆ ಭಾನುವಾರ ಅವರು ಅದರ ಮುಂದೆ ಹೇಳಿದ ಮಾತು ಬೇರೆ.

"ಕಣ್ಣು ಹೋದ್ರೆ ಹೋಗ್ಲಿ, ಕೈ ಐತಲ್ಲ ಅಂತ ಧೈರ್ಯವಾಗಿದ್ದೆ ಕಣಮ್ಮ. ಬೆರಳು ಇಟ್ರೆ ಎಲ್ಲಾ ತಿಳೀತಿತ್ತು. ದೀವಳಿಗೇಲಿ ಸೇರು ಹಿಡಿದ್ರೆ ಅದು ನನ್ ಸೇರೇ ಅಲ್ಲ ಅನ್ನಿಸ್ತು. ದಪ್ಪ ಬೇರೆ, ಹೊಟ್ಟೆ ಬೇರೆ. ನಲವತ್ತು ವರ್ಷ ಹಿಡಿದ ಸೇರು ಗುರುತು ಸಿಕ್ತಿಲ್ಲ ಅಂದ್ರೆ ಕೈಯೂ ಹೋಯ್ತು ಅನ್ಕಂಡೆ. ಅದಕ್ಕೇ ಅವನು ಹೇಳಿದಾಗ ಸುಮ್ನಾದೆ. ಕೈ ಹೋದವಳು ಒಲೆ ಮುಂದೆ ಕೂತು ಏನ್ ಮಾಡಾದು?"

ಅವರು ನನ್ನನ್ನು ಅನುಮಾನಿಸಿರಲಿಲ್ಲ. ತಮ್ಮನ್ನೇ ಅನುಮಾನಿಸಿಕೊಂಡಿದ್ದರು. ಸೇರು ಬದಲಾಗಿದೆ ಎಂದು ಮೊದಲ ಕ್ಷಣದಲ್ಲೇ ಕಂಡುಹಿಡಿದ ಕೈಯನ್ನು, ನನ್ನಿಂದಾಗಿ ಅವರು ಒಂದು ತಿಂಗಳು ಸುಳ್ಳುಗಾರ ಎಂದುಕೊಂಡು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಪಾತ್ರೆಯವಳು, ಕ್ಯಾರಿಯರ್, ಗುಬ್ಬಿಯ ಸೇರು, ಕಲ್ಲಿನ ಪೆಟ್ಟು, ಒಲೆಯ ಮಸಿ ಎಲ್ಲ ಹೇಳಿದೆ. ಅಳುತ್ತಾ ಹೇಳಿದೆ, ಹಾಗಾಗಿ ಹಿಂದುಮುಂದಾಗಿ ಹೇಳಿದೆ. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ.

ಅತ್ತೆ ಕೇಳಿದ್ದು ಒಂದೇ ಮಾತು.

"ಹಂಗಾದ್ರೆ ಅದು ನನ್ ಸೇರಲ್ಲ?"

"ಅಲ್ಲ ಅತ್ತೆ."

"ಇನ್ನೊಂದು ಸಲ ಹೇಳು."

"ಅದು ನಿಮ್ಮ ಸೇರಲ್ಲ."

ಅವರು ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡು, ಹೆಬ್ಬೆರಳನ್ನು ಮೆಲ್ಲಗೆ ನೀವಿಕೊಂಡರು. ಅವರು ಬೈಯಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. "ಪಾಕ ಹಂಗೇ ಇರ್ಲಿ, ಒಲೆ ಹಚ್ಚಬ್ಯಾಡ. ಅವನು ಬರ್ಲಿ" ಎಂದು ಅಲ್ಲೇ ಮಣೆಯ ಮೇಲೆ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಯಜಮಾನರು ಬಂದದ್ದು ಸಂಜೆ ಐದರ ಬಸ್ಸಿಗೆ. ಜಗುಲಿಯ ಕುರ್ಚಿ ಖಾಲಿ ಇದ್ದದ್ದು ನೋಡಿ ಗಾಬರಿಯಿಂದ ಒಳಗೆ ಬಂದರು. ಒಲೆಯ ಮುಂದೆ ತಾಯಿ ಕೂತಿದ್ದರು.

"ಅಮ್ಮ, ನಾನೇನು ಹೇಳಿದ್ದೆ?"

"ನೀನು ಹೇಳಿದ್ದು ಕೇಳಿದೀನಿ. ಈಗ ಇವಳು ಹೇಳೋದು ಕೇಳು. ಹೇಳಮ್ಮ."

ನಾನು ಹೇಳಿದೆ. ಗಂಡನ ಮುಖ ಕೆಂಪಾಗುವುದನ್ನು ನೋಡುತ್ತಲೇ ಹೇಳಿದೆ. ಸೇರು ಕೊಟ್ಟದ್ದು ನಾನು, ಬೇರೆ ಸೇರು ತಂದಿಟ್ಟದ್ದು ನಾನು, ತೂಕ ತಪ್ಪು ಬರೆದದ್ದೂ ನಾನು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಎತ್ತಿ ತಡೆದರು.

"ಅದ್ನಲ್ಲ. ಕಡೇದು ಹೇಳು."

ಯಾವುದೆಂದು ನನಗೆ ತಿಳಿಯಿತು. "ಅತ್ತೆ ಕೈ ಸರಿಯಾಗೇ ಇತ್ತು ಕಣ್ರೀ" ಎಂದೆ.

ಅತ್ತೆ ಬೆಂಕಿಪೊಟ್ಟಣಕ್ಕೆ ತಡಕಿದರು. ನಾನಾಗಲಿ ಮಗನಾಗಲಿ ಎತ್ತಿಕೊಡಲಿಲ್ಲ. ಅವರೇ ಹುಡುಕಿ, ಕಡ್ಡಿ ಗೀರಿ, ಒಲೆ ಹಚ್ಚಿದರು.